ಹದಿನಾಲ್ಕನೆಯ ಮರಳುಮಣೆ

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಕತ್ತರಿಸಿದ್ದಲ್ಲ, ಉದುರಿದ್ದೂ ಅಲ್ಲ. ಮರಳಿನಲ್ಲಿ ಅಕ್ಷರ ತೀಡಿ ತೀಡಿ ಸವೆದದ್ದು. ಬೆರಳ ತುದಿ ಹೊಳೆಕಲ್ಲಿನ ಹಾಗೆ ಗುಂಡಗೆ, ನುಣ್ಣಗೆ ಇತ್ತು. ನಾವು ಮಕ್ಕಳು ಮರಳಿನಲ್ಲಿ ಗೆರೆ ಎಳೆದರೆ ನಡುವೆ ಉಗುರಿನದೊಂದು ಚೂಪು ಗೀರು ಉಳಿಯುತ್ತಿತ್ತು. ಅವರು ಬರೆದ ಅಕ್ಷರದ ತಳ ಮಾತ್ರ ಎರೆಹುಳು ಹರಿದ ಜಾಡಿನ ಹಾಗೆ ದುಂಡಗಿರುತ್ತಿತ್ತು. ಎಷ್ಟು ಜನ ಬರೆದಿದ್ದರೂ ಟೀಚರ್ ಬರೆದದ್ದು ಯಾವುದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಆ ಉಗುರನ್ನು ಕುಲೆ ತಿಂದದ್ದು ಎಂದು ಮಕ್ಕಳಲ್ಲಿ ಸುದ್ದಿ. ಕುಲೆ ಎಂದರೆ ನಮ್ಮ ಕಡೆ ಸತ್ತವರ ಪ್ರೇತ. ಅದನ್ನು ಕೇಳಿದ ಮೇಲೆ ನಾನು ದಿನಾ ಸಂಜೆ ನನ್ನ ಹತ್ತು ಉಗುರುಗಳನ್ನೂ ಎಣಿಸುತ್ತಿದ್ದೆ. ಈಗ ಐವತ್ತೈದು ದಾಟಿದೆ, ಈಗಲೂ ಎಣಿಸುತ್ತೇನೆ. ಸಕ್ಕರೆ ಕಾಯಿಲೆಯವರು ಉಗುರು ನೋಡಿಕೊಳ್ಳುತ್ತಿರಬೇಕು ಎಂದು ಹೆಂಡತಿಗೆ ಹೇಳಿದ್ದೇನೆ.

ಎಪ್ಪತ್ತರ ದಶಕದಲ್ಲಿ ಪೆರಾಬೆಯ ಹತ್ತಿರದ ಒಂದು ಭಜನಾ ಮಂದಿರದಲ್ಲಿ ಬಾಲವಾಡಿ ನಡೆಯುತ್ತಿತ್ತು. ಅವರು ಅಲ್ಲಿಯ ಟೀಚರ್. ಹುಟ್ಟಿದ್ದು ಬೆಳ್ಳಾರೆ ಕಡೆ, ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಟೈಲರ್, ಮನೆಯ ಜಗಲಿಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು, ಮಿಷನ್ ಮಾತಾಡುವಷ್ಟೂ ತಾವು ಮಾತಾಡುತ್ತಿರಲಿಲ್ಲ. ಬಾಲವಾಡಿಗೆ ಸರಕಾರದಿಂದ ಹಾಜರಿ ಪುಸ್ತಕ ಬಂದಿತ್ತು, ಸಜ್ಜಿಗೆ ಮಾಡಲು ಗೋಧಿ ನುಚ್ಚು ಬರುತ್ತಿತ್ತು; ಸ್ಲೇಟು ಬರಲೇ ಇಲ್ಲ. ಕಾದು ಸಾಕಾಗಿ ಟೀಚರ್ ಆಚಾರಿಯಿಂದ ಹದಿನಾಲ್ಕು ಮಣೆ ಮಾಡಿಸಿ, ಸುತ್ತ ಪಟ್ಟಿ ಹೊಡೆಸಿ, ಒಳಗೆ ಹೊಳೆಯ ಮರಳು ತುಂಬಿದರು. ಅದರಲ್ಲಿ ಬೆರಳಿನಿಂದ ಬರೆಯುವುದು, ಅಂಗೈಯಿಂದ ಅಳಿಸುವುದು. ಒಂದೇ ಕಾನೂನು: ಅಳಿಸುವ ಮೊದಲು ಬರೆದದ್ದನ್ನು ಗಟ್ಟಿಯಾಗಿ ಓದಬೇಕು.

“ಓದದೆ ಅಳಿಸಿದ್ರೆ ಬರೆದವರಿಗೆ ಬೇಜಾರಾಗ್ತದೆ” ಎನ್ನುತ್ತಿದ್ದರು.

ಮಣೆ ಹದಿನಾಲ್ಕು, ಮಕ್ಕಳು ನನ್ನನ್ನೂ ಸೇರಿಸಿ ಹದಿಮೂರು. ಹದಿನಾಲ್ಕನೆಯದು ಕಿಟಕಿಯ ಬುಡದಲ್ಲಿರುತ್ತಿತ್ತು. ಟೀಚರ್ ಬೆಳಿಗ್ಗೆ ಅದರಲ್ಲೂ ಒಂದು ಅ ಬರೆದಿಡುತ್ತಿದ್ದರು, ಸಂಜೆ ತಾವೇ ಓದಿ ಅಳಿಸುತ್ತಿದ್ದರು. ಅದು ಅವರ ಮಗಳದು. ನಾಲ್ಕು ವರ್ಷಕ್ಕೆ ಜ್ವರ ಬಂದು ತೀರಿಹೋದ ಒಬ್ಬಳೇ ಮಗಳು. ದೊಡ್ಡವರಿಗೆಲ್ಲ ಗೊತ್ತಿದ್ದ ವಿಷಯ. ಮಕ್ಕಳ ಎದುರು ಯಾರೂ ಎತ್ತುತ್ತಿರಲಿಲ್ಲ.

ನಾನು ಅಲ್ಲಿಗೆ ಸೇರಿದ್ದೇ ಒಂದು ಕಥೆ. ಐದು ವರ್ಷವಾದರೂ ನನಗೆ ಮಾತು ಬಂದಿರಲಿಲ್ಲ. ಕಿವಿ ಸರಿಯಿತ್ತು, ಹಸಿವಾದರೆ ಅಳುತ್ತಿದ್ದೆ, ಮಾತು ಮಾತ್ರ ಇಲ್ಲ. ನನಗಿಂತ ಮೊದಲು ಹುಟ್ಟಿದ ಅಣ್ಣನೊಬ್ಬ ಮೂರು ವರ್ಷದವನಿದ್ದಾಗ, ನಾನು ಹುಟ್ಟುವ ತುಸು ಮೊದಲು, ತೀರಿಹೋಗಿದ್ದ. ಅವನೇ ನನ್ನ ನಾಲಗೆ ಹಿಡಿದಿದ್ದಾನೆ ಎಂಬುದು ಅಮ್ಮನ ನಂಬಿಕೆ. ಹಾಗಾಗಿ ನನ್ನನ್ನು ಅಂಗಳ ದಾಟಲು ಬಿಡುತ್ತಿರಲಿಲ್ಲ.

ಮನೆ ಮನೆಗೆ ಹೋಗಿ ಮಕ್ಕಳ ಲೆಕ್ಕ ತೆಗೆದು ಹೆಸರಿನ ಪಟ್ಟಿ ಮಾಡುವುದು ಟೀಚರ ಕೆಲಸ. ಒಂದು ಬೆಳಿಗ್ಗೆ ನಮ್ಮ ಜಗಲಿಗೂ ಬಂದು ಕೂತರು. ನಮ್ಮದು ತುಳು ಮಾತು. ಅಮ್ಮ ಆಮೇಲೆ ನೂರು ಸಲ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಕ್ಕಳು ಎಷ್ಟುಂಟು ಅಕ್ಕ?”

“ಇಬ್ಬರು” ಎಂದಳು ಅಮ್ಮ, ಬೀಡಿ ಕಟ್ಟುವ ಕೈ ನಿಲ್ಲಿಸದೆ. “ಸಣ್ಣವನನ್ನು ಕಳಿಸುದಿಲ್ಲ ಟೀಚರೆ. ದೊಡ್ಡವ ಬಿಡುದಿಲ್ಲ.”

“ದೊಡ್ಡವ ಎಲ್ಲಿ?”

“ಹೋಗಿ ಐದು ವರ್ಷ ಆಯ್ತು. ಇಲ್ಲೇ ಇದ್ದಾನೆ. ಆಡ್ಲಿಕ್ಕೆ ಜೊತೆ ಬೇಕಲ್ಲ ಅವನಿಗೆ.”

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಟೀಚರ್ ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿ ಕೇಳಿದರು: “ಅವನಿಗೀಗ ಪ್ರಾಯ ಎಷ್ಟು?”

ಈ ಪ್ರಶ್ನೆ ಹೊರಗಿನವರಿಗೆ ವಿಚಿತ್ರವಾಗಿ ಕೇಳಬಹುದು. ನಮ್ಮಲ್ಲಿ ಸತ್ತ ಮಕ್ಕಳ ವಯಸ್ಸು ನಿಲ್ಲುವುದಿಲ್ಲ. ಬದುಕಿರುವವರ ಹಾಗೆ ಅವರೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ, ಹಾಗೆಯೇ ತೀರಿಹೋದವರಿರುವ ಇನ್ನೊಂದು ಮನೆ ಹುಡುಕಿ ಅವರಿಗೆ ಮದುವೆಯನ್ನೂ ಮಾಡುತ್ತಾರೆ.

“ಬರುವ ಆಟಿ ತಿಂಗಳಿಗೆ ಎಂಟು” ಎಂದಳು ಅಮ್ಮ.

“ಎಂಟು ವರ್ಷದವ ಮನೆಯಲ್ಲಿ ಎಂತ ಮಾಡುದು ಮಾರಾಯ್ತಿ? ಮೂರನೇ ಕ್ಲಾಸಿನ ಪ್ರಾಯ. ಅವನು ಶಾಲೆಗೆ ಹೋಗ್ಬೇಕು. ಅವನು ಇವನನ್ನು ಹಿಡ್ಕೊಂಡದ್ದಲ್ಲ, ನೀನು ಇಬ್ಬರನ್ನೂ ಹಿಡ್ಕೊಂಡದ್ದು. ನಾಳೆ ಬೆಳಿಗ್ಗೆ ದೊಡ್ಡವನನ್ನು ಶಾಲೆಗೆ ಕಳಿಸು, ಸಣ್ಣವನನ್ನು ನನ್ನಲ್ಲಿಗೆ ಕಳಿಸು.”

ಅಮ್ಮನ ಕೈಯಲ್ಲಿದ್ದ ಬೀಡಿ ಬಿಚ್ಚಿಕೊಂಡಿತಂತೆ.

ಮರುದಿನದ್ದು ನನಗೇ ನೆನಪಿದೆ, ಅಥವಾ ನೆನಪಿದೆ ಎಂದು ನಂಬಿದ್ದೇನೆ. ಅಮ್ಮ ಅಂಗಳದ ತುದಿಯಲ್ಲಿ ನಿಂತು ಶಾಲೆಯ ದಾರಿಯ ಕಡೆ ನೋಡಿ, “ಹೋಗು ಮಗಾ, ಹೊತ್ತಾಯ್ತು” ಎಂದಳು. ದಾರಿಯಲ್ಲಿ ಯಾರೂ ಇರಲಿಲ್ಲ. ದಾರಿ ತಿರುಗುವಲ್ಲಿಯವರೆಗೂ ಅವಳ ಕಣ್ಣು ನಿಧಾನಕ್ಕೆ, ಒಂದು ಮಗುವಿನ ನಡಿಗೆಯ ವೇಗದಲ್ಲಿ, ಸರಿಯುತ್ತಾ ಹೋಯಿತು. ಆಮೇಲೆ ನನ್ನ ಕೈ ಹಿಡಿದು ಬಾಲವಾಡಿಗೆ ಕರೆದುಕೊಂಡು ಹೋದಳು. ಅಂದಿನಿಂದ ಹಲವು ವರ್ಷ ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಮನೆಯ ಬಾಗಿಲು ಅರ್ಧ ತೆರೆದಿರುತ್ತಿತ್ತು. ಭಾನುವಾರ ಬಿಟ್ಟು.

ಟೀಚರ್ ನನ್ನನ್ನು ಕಿಟಕಿಯ ಬದಿಯ ಖಾಲಿ ಮಣೆಯ ಪಕ್ಕ ಕೂರಿಸಿದರು. ಬೇರೆ ಮಕ್ಕಳು ಅಲ್ಲಿ ಕೂರಲು ತಕರಾರು ಮಾಡುತ್ತಿದ್ದರು. ತಕರಾರು ಮಾಡಲು ನನಗೆ ಮಾತು ಬೇಕಲ್ಲ. ಅವರು ಹಿಂದಿನಿಂದ ಬಗ್ಗಿ ನನ್ನ ಬೆರಳಿನ ಮೇಲೆ ಆ ನುಣ್ಣನೆಯ ಬೆರಳಿಟ್ಟು ತೀಡಿಸುತ್ತಿದ್ದರು. ಓದುವ ಸರದಿ ಬಂದಾಗ ನಾನು ಸುಮ್ಮನೆ ಕೂರುತ್ತಿದ್ದೆ, ನನ್ನ ಪಾಲಿನದ್ದನ್ನು ಅವರೇ ಓದಿ ಅಳಿಸುತ್ತಿದ್ದರು. ಮೂರು ತಿಂಗಳು ಹೀಗೇ ಹೋಯಿತು.

ಒಂದು ಮಧ್ಯಾಹ್ನ ಸಜ್ಜಿಗೆ ಬಡಿಸುತ್ತಾ ನಮ್ಮ ಸಾಲಿಗೆ ಬಂದರು. ನನ್ನ ಬಾಳೆಲೆಯ ತುಂಡಿಗೆ ಹಾಕಿ, ಖಾಲಿ ಮಣೆಯನ್ನು ದಾಟಿ ಮುಂದೆ ಹೋದರು. ಆಗ ಯಾರೋ ಮಾತಾಡಿದರು.

“ಅಕ್ಕನಿಗೆ ಬಡಿಸಲಿಲ್ಲ.”

ಅದು ನನ್ನದೇ ಸ್ವರ ಎಂದು ನನಗೆ ತಿಳಿದದ್ದು ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ.

ಟೀಚರ ಸೌಟು ಗಾಳಿಯಲ್ಲೇ ನಿಂತಿತು. “ಯಾವ ಅಕ್ಕ?” ಎಂದರು. ನಾನು ಪಕ್ಕಕ್ಕೆ ಕೈ ತೋರಿಸಿದೆ. ಅವರು ಬಹಳ ಮೆಲ್ಲಗೆ, ಸಣ್ಣ ತಪ್ಪೊಂದನ್ನು ತಿದ್ದುವವರ ಹಾಗೆ ಹೇಳಿದರು: “ಅಕ್ಕ ಅಲ್ಲ ಮಗಾ, ತಂಗಿ. ಅವಳಿಗೆ ನಾಲ್ಕು ವರ್ಷ. ನಿನ್ನಿಂದ ಸಣ್ಣವಳು.”

“ಅಲ್ಲ, ದೊಡ್ಡವಳು” ಎಂದೆ. ಹುಟ್ಟಿದಂದಿನಿಂದ ಬಾಯಿ ಬಿಡದವನು ಬಿಟ್ಟ ದಿನವೇ ವಾದಕ್ಕಿಳಿದಿದ್ದೆ.

ಅಲ್ಲಿ ಕೂರುವುದು ಹುಡುಗಿ ಎಂದು ನನಗೆ ಯಾರು ಹೇಳಿದ್ದರು? ಸಜ್ಜಿಗೆ ಬೇಯಿಸುವ ಹೆಂಗಸು ಯಾರೊಡನೆಯೋ ಹೇಳಿದ್ದು ಕಿವಿಗೆ ಬಿದ್ದಿರಬಹುದು. ಟೀಚರ್ ಸಂಜೆ ಮಣೆ ಅಳಿಸುವಾಗ ಏನಾದರೂ ಗುನುಗಿರಬಹುದು. ಐದು ವರ್ಷ ಮಾತಾಡದ ಮಗುವಿಗೆ ಕೇಳಿಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವೇನು? ಇವೆಲ್ಲ ಒಳ್ಳೆಯ ವಿವರಣೆಗಳು. ಪಕ್ಕದಲ್ಲಿ ಯಾರಾದರೂ ಇರುವಾಗ ನಾನು ಇವನ್ನು ಪೂರ್ತಿ ನಂಬುತ್ತೇನೆ.

ಅವರು ಆ ಮಣೆಯ ಎದುರು ಒಂದು ಎಲೆ ಹಾಕಿ ಒಂದು ಸೌಟು ಬಡಿಸಿದರು. ಸಂಜೆ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಮನೆಗೆ ಬಂದು, “ಮಾತು ಬಂತು ನೋಡು” ಎಂದು ಅಮ್ಮನ ಮಡಿಲಿಗೆ ಹಾಕಿದರು. ನಾನು ಹೇಳಿದ್ದೇನೆಂದು ಮಾತ್ರ ಹೇಳಲಿಲ್ಲ.

ನಾನು ಬಾಲವಾಡಿ ಬಿಟ್ಟ ಮೇಲೂ ಅವರು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಪಟ್ಟಿಯಲ್ಲಿ ಈಗ ಯಾರಿದ್ದಾರೆ ಎಂದು ಅಮ್ಮ ತಮಾಷೆ ಮಾಡಿದರೆ, “ನೀನಿದ್ದಿ” ಎನ್ನುತ್ತಿದ್ದರು. ಮೊರದಂಥ ಗೆರಸೆಯಲ್ಲಿದ್ದ ಬೀಡಿಯ ಹೊಗೆಸೊಪ್ಪಿನ ಪುಡಿಯನ್ನೇ ಹರಡಿ ಅದರಲ್ಲಿ ಅಮ್ಮನಿಗೆ ಅಕ್ಷರ ತೀಡಿಸಿದರು. ಅಮ್ಮ ಸೀನುತ್ತಾ ಸೀನುತ್ತಾ ಕಾಗುಣಿತ ಕಲಿತಳು. ಅವಳೂ ಗಟ್ಟಿಯಾಗಿ ಓದಿಯೇ ಅಳಿಸಬೇಕಿತ್ತು.

ಇಷ್ಟೆಲ್ಲ ಮಾಡಿದವರ ಬಾಲವಾಡಿಯಲ್ಲಿ ಆ ಒಂದು ಮಣೆ ಹಾಗೆಯೇ ಉಳಿಯಿತು. ನನ್ನ ನಂತರ ಎಷ್ಟೋ ಮಕ್ಕಳು ಬಂದರು. ಮಣೆ ಸಾಲದೆ ಒಂದರಲ್ಲಿ ಇಬ್ಬಿಬ್ಬರು ಬರೆದ ವರ್ಷವೂ ಇತ್ತು. ಕಿಟಕಿಯ ಬದಿಯದನ್ನು ಯಾರಿಗೂ ಕೊಡಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಪುತ್ತೂರಿನಲ್ಲಿ ಪಿಯುಸಿ ಓದುತ್ತಿದ್ದೆ, ಗಣಿತದಲ್ಲಿ ಫೇಲಾದೆ. ಅದೇ ವರ್ಷ ಅಮ್ಮನ ಬೀಡಿಯ ನೂಲು ಸುಮ್ಮಸುಮ್ಮನೆ ಗಂಟು ಬೀಳತೊಡಗಿತು. ಎರಡಕ್ಕೂ ಕಾರಣ ಒಂದೇ, ಅಣ್ಣನಿಗೆ ಇಪ್ಪತ್ತಾಯಿತು, ಅವನು ಮದುವೆ ಕೇಳುತ್ತಿದ್ದಾನೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ನನ್ನ ಗಣಿತದ ತಪ್ಪನ್ನು ಇನ್ನೊಬ್ಬರು ಹೊತ್ತುಕೊಳ್ಳುವುದಾದರೆ ನಾನೇಕೆ ಅಡ್ಡ ಬರಲಿ?

ಹೆಣ್ಣು ಎಲ್ಲಿದೆಯೆಂದು ಅಮ್ಮನಿಗೆ ಗೊತ್ತಿತ್ತು. ಒಂದೇ ಜಾತಿ, ಮದುವೆಗೆ ನೋಡುವ ಬರಿ, ಅಂದರೆ ಕುಲ, ಬೇರೆ ಬೇರೆ. ಒಂದು ಭಾನುವಾರ ವೀಳ್ಯದೆಲೆಯ ತಟ್ಟೆ ಹಿಡಿದುಕೊಂಡು ನನ್ನನ್ನೂ ಕರೆದುಕೊಂಡು ಟೀಚರ ಮನೆಗೆ ಹೋದಳು. ಜಗಲಿಯಲ್ಲಿ ಟೈಲರ ಮಿಷನ್ ಓಡುತ್ತಿತ್ತು.

ವಿಷಯ ಕೇಳಿ ಟೀಚರ್ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು. “ಅವಳಿಗೆ ಮದುವೆಯ ಪ್ರಾಯ ಆಗ್ಲಿಲ್ಲ ಅಕ್ಕ. ನಾಲ್ಕು ವರ್ಷ.”

“ಟೀಚರೆ, ನನ್ನ ಮಗ ಶಾಲೆಗೆ ಹೋಗ್ಬೇಕು ಅಂತ ಹೇಳಿದ್ದು ನೀವು.”

“ಅದು ನಿನ್ನ ಮಗ. ನನ್ನವಳು ಇನ್ನೂ ಅ ಮುಗಿಸ್ಲಿಲ್ಲ.”

“ನೀವು ಮುಂದಿನದ್ದು ಬರೆದ್ರೆ ಅಲ್ವಾ ಅವಳು ಮುಗಿಸುದು?”

ಅಮ್ಮ ಇಷ್ಟು ಹೇಳಿಯಾಳೆಂದು ನಾನು ಎಣಿಸಿರಲಿಲ್ಲ. ಟೀಚರ್ ಆ ಉಗುರಿಲ್ಲದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೂತರು. ಆಗ ಮಿಷನ್ ನಿಂತಿತು.

“ನಾಲ್ಕಲ್ಲ” ಎಂದರು ಟೈಲರ್, ತಲೆ ಎತ್ತದೆ. “ಹತ್ತೊಂಬತ್ತು. ಅಳತೆ ನನ್ನಲ್ಲಿ ಉಂಟು.”

ಮಿಷನ್ನಿನ ಖಾನೆಯಿಂದ ಗಿರಾಕಿಗಳ ಅಳತೆ ಬರೆಯುವ ಪುಸ್ತಕ ತೆಗೆದು ಹೆಂಡತಿಯ ಎದುರಿಟ್ಟರು. ಹಿಂದಿನ ಪುಟಗಳಲ್ಲಿ ಮಗಳ ಹೆಸರಿತ್ತು. ಹೆಸರಿನ ಕೆಳಗೆ ವರ್ಷಕ್ಕೊಂದು ಸಾಲು: ಎದೆ, ಸೊಂಟ, ತೋಳು, ಉದ್ದ. ನಾಲ್ಕು ವರ್ಷದ ಫ್ರಾಕಿನಿಂದ ಶುರುವಾಗಿ ಲಂಗಕ್ಕೆ, ಲಂಗದಿಂದ ರವಿಕೆಗೆ. ಒಂದು ವರ್ಷವೂ ತಪ್ಪಿರಲಿಲ್ಲ. ನನ್ನೊಳಗಿನ ಚಿಂತೆಯ ಯಂತ್ರ ಕೂಡಲೇ ತಿರುಗಿತು: ಆ ಅಳತೆ ತೆಗೆದದ್ದು ಹೇಗೆ? ಟೇಪು ಹಿಡಿದದ್ದು ಎಲ್ಲಿಗೆ? ಕೇಳುವ ಧೈರ್ಯವಾಗಲಿಲ್ಲ, ಇವತ್ತಿಗೂ ಉತ್ತರ ಗೊತ್ತಿಲ್ಲ.

ಟೀಚರ್ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಕೊನೆಯ ಸಾಲು ಮುಗಿದ ಮೇಲೆ ವೀಳ್ಯದ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ಮದುವೆ ಆಟಿಯಲ್ಲಿ, ಸತ್ತವರಿಗೆಂದೇ ಇರುವ ಆ ಮಳೆಯ ತಿಂಗಳಲ್ಲಿ, ನಮ್ಮ ಮನೆಯಲ್ಲಿ ನಡೆಯಿತು. ಮಕ್ಕಳೂ ಮದುವೆಯಾಗದವರೂ ಅದನ್ನು ನೋಡಬಾರದು. ಹಾಗಾಗಿ ಒಡಹುಟ್ಟಿದ ಅಣ್ಣನ ಮದುವೆಯ ಹೊತ್ತಿಗೆ ನಾನು ಹಲಸಿನ ಮರದ ಬುಡದಲ್ಲಿ ಕೂತಿದ್ದೆ. ಒಳಗೆ ಧಾರೆಯ ನೀರು ಬಿದ್ದ ಸದ್ದು ಕೇಳಿತು. ಹೆಂಗಸರು ನಕ್ಕದ್ದು ಕೇಳಿತು. ಅದರಲ್ಲಿ ಒಂದು ನಗು ನನಗೆ ಗುರುತಿರದ ಎಳೆಯ ಸ್ವರ. ನೆಂಟರಲ್ಲಿ ಯಾರದೋ ಇರಬೇಕು. ಅಂದು ಬಂದ ನೆಂಟರೆಲ್ಲ ಐವತ್ತು ದಾಟಿದವರಾಗಿದ್ದರು, ಅಷ್ಟೆ.

ಎಲ್ಲ ಮುಗಿದ ಮೇಲೆ ಟೀಚರ್ ಕಿಟಕಿಯ ಬದಿಯ ಆ ಮರಳುಮಣೆಯನ್ನು ಎತ್ತಿಕೊಂಡು ಹೊರಗೆ ಬಂದು ನನ್ನ ಕೈಗೆ ಕೊಟ್ಟರು.

“ಇದು ಅವಳೊಟ್ಟಿಗೆ ನಿಮ್ಮ ಮನೆಗೆ ಬಂದದ್ದು. ಒಳಗಿಡು.” ಮಣೆಯ ಅಂಚನ್ನೊಮ್ಮೆ ಸವರಿ, “ನೀನು ಅವತ್ತು ಹೇಳಿದ್ದೇ ಸರಿ ಮಗಾ. ದೊಡ್ಡವಳೇ” ಎಂದರು.

ಮರುದಿನ ಕಿಟಕಿಯ ಬದಿಯಲ್ಲಿ ಹೊಸ ಮಣೆಯಿಟ್ಟು ಒಂದು ಮಗುವನ್ನು ಕೂರಿಸಿದರಂತೆ.

ಅದಾಗಿ ಮೂರು ವರ್ಷಕ್ಕೆ ಟೀಚರ್ ಹಾಸಿಗೆ ಹಿಡಿದರು. ನೋಡಲು ಹೋದಾಗ ನಾನು ಕೇಳಬಾರದ್ದನ್ನು ಕೇಳಿದೆ: “ಅವಳು ನಿಜವಾಗಿ ಅಲ್ಲಿ ಕೂತಿದ್ದಳಾ ಟೀಚರೆ?”

“ನನಗೆ ಗೊತ್ತಿಲ್ಲ ಮಾರಾಯ” ಎಂದರು. “ಪಟ್ಟಿಯಲ್ಲಿ ಹೆಸರು ಇದ್ದ ಮೇಲೆ ಮನೆಗೆ ಹೋಗಿ ವಿಚಾರಿಸ್ಬೇಕು. ನನ್ನ ಕೆಲಸ ಅಷ್ಟೆ.”

ಆ ಬೇಸಗೆಯಲ್ಲಿ ತೀರಿಕೊಂಡರು. ಆಟಿಯಲ್ಲಿ ಮನೆಯ ಸತ್ತವರಿಗೆ ಬಡಿಸುವ ದಿನ ಬಂದಾಗ, ಅಣ್ಣನಿಗೂ ಅತ್ತಿಗೆಗೂ ಎಲೆ ಹಾಕಿ ಅತ್ತಿಗೆಯ ಮಣೆಯನ್ನು ಪಕ್ಕದಲ್ಲಿಟ್ಟೆವು. ನಾನು ಮೂರನೆಯದೊಂದು ಎಲೆ ಹಾಕಿದೆ.

“ಅವರು ಅವರ ಮನೆಯಲ್ಲಿ ಉಣ್ಣುದು. ಇಲ್ಲಿಗೆ ಯಾಕೆ?” ಎಂದಳು ಅಮ್ಮ.

“ಮನೆ ನೋಡ್ಲಿಕ್ಕೆ ಬರುವ ಅಭ್ಯಾಸ ಅವರಿಗೆ” ಎಂದೆ.

ಅಮ್ಮ ಆ ಎಲೆಗೂ ಬಡಿಸಿದಳು. ನಾನು ಮಣೆಯ ಮರಳನ್ನು ಅಂಗೈಯಿಂದ ಸಪಾಟು ಮಾಡಿ, ಬಾಗಿಲು ಮುಚ್ಚಿ, ಎಲ್ಲರೊಡನೆ ಅಂಗಳದಲ್ಲಿ ನಿಂತೆ. ನಡು ಮಧ್ಯಾಹ್ನ; ಒಂದು ಕಾಗೆಯೂ ಕೂಗಲಿಲ್ಲ. ಉಂಡು ಮುಗಿಸುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ, ಅಮ್ಮನೂ ನಾನೂ ಒಳಗೆ ಹೋದೆವು.

ಮರಳಿನಲ್ಲಿ ಒಂದು ಅಕ್ಷರವಿತ್ತು. ಅ ಅಲ್ಲ, ಅದರ ಮುಂದಿನದು. ತಳ ದುಂಡಗಿತ್ತು; ಉಗುರಿನ ಗೀರು ಇರಲಿಲ್ಲ.

ನನ್ನ ತಲೆಯಲ್ಲಿ ಇರುವೆ, ಇಲಿ, ಜಿರಲೆ ಎಲ್ಲವೂ ಸಾಲುಗಟ್ಟಿ ಬಂದು ಹೋದವು. ಅಮ್ಮ ಬಗ್ಗಿ ಅಳಿಸಲು ಅಂಗೈ ಚಾಚಿದಳು. ಮರಳಿಗೆ ತಾಗುವ ಮೊದಲೇ ಅವಳ ಕೈ ನಿಂತಿತು, ನನ್ನ ಮುಖ ನೋಡಿದಳು. ಇಬ್ಬರಿಗೂ ಕಲಿಸಿದ್ದು ಒಬ್ಬರೇ.

ಆ ಎಂದು ಇಬ್ಬರೂ ಗಟ್ಟಿಯಾಗಿ ಓದಿದೆವು. ಆಮೇಲೆ ಅಳಿಸಿದೆವು.