ಹಸಿರು ವೈರು ಕತ್ತರಿಸಿದವನು ನಾನು

ನನ್ನ ತಂಗಿ ರೇಣುಕಾಳ ಬಲಗೈ ಸುಟ್ಟಿದ್ದು ನನ್ನಿಂದ. ಅದನ್ನು ಒಂಬತ್ತು ವರ್ಷ ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಉಳಿದದ್ದಷ್ಟೇ ಆಗಿದ್ದರೆ — ಇಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ತಪ್ಪು ಅವಳದೇ ಎಂದು ನಾಲ್ಕು ಜನರ ಮುಂದೆ ನನ್ನ ಬಾಯಿಂದಲೇ ಹೇಳಿದೆ.

ನಾನು ಓದಿದ್ದು ಏಳನೇ ಇಯತ್ತೆ. ಗೋವಾದಲ್ಲಿ ಎರಡು ವರ್ಷ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತೆ. ಅಲ್ಲಿ ವೈರಮನ್‌ಗಳು ಗೋಡೆಯೊಳಗೆ ವೈರು ಎಳೆಯುವುದನ್ನು ನೋಡಿದ್ದೆ. ನೋಡಿದ್ದಷ್ಟೇ, ಮುಟ್ಟಿದ್ದಿಲ್ಲ. ನಮ್ಮೂರು ಲಕ್ಕಲಕಟ್ಟಿಗೆ ಮರಳುವಾಗ ಒಂದು ಟೆಸ್ಟರ್, ಒಂದು ಇಕ್ಕಳ, ಒಂದು ಸುತ್ತು ಕರಿ ಟೇಪು ತಂದೆ. ಮನೆಯ ಬಲ್ಬಿನ ಹೋಲ್ಡರ್ ಬದಲಿಸಿದೆ, ಫ್ಯಾನಿನ ರೆಗ್ಯುಲೇಟರ್ ಕೂಡಿಸಿದೆ. ಎರಡೂ ನಡೆದವು. ನಡೆಯಿತೆಂದರೆ ಸರಿಯಾಯಿತು ಎಂದೇ ಅರ್ಥ — ನನಗಿದ್ದ ವಿದ್ಯೆ ಅಷ್ಟು.

ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಬಿಟ್ಟ ದಿನ ಎಲ್ಲರೂ ನಳಕ್ಕೆ ಸಣ್ಣ ಮೋಟರ್ ಹಚ್ಚಿ ಎಳೆದುಕೊಳ್ಳುತ್ತಾರೆ. ಹಚ್ಚದವರ ಕೊಡಕ್ಕೆ ಬರೀ ಗಾಳಿ. ನಮ್ಮ ಮೋಟರಿನ ಪ್ಲಗ್ ಸುಟ್ಟು ಕಪ್ಪಾಗಿತ್ತು. ವೈರಮನ್‌ನನ್ನು ಕರೆಸೋಣ ಎಂದಳು ಅವ್ವ. ನಾನಿಲ್ಲವೇ ಎಂದೆ. ಹೊಸ ಪ್ಲಗ್ ತರಲು ಹೋದಾಗ ಗಜೇಂದ್ರಗಡದ ಅಂಗಡಿಯವನು ಎರಡು ಪಿನ್ನಿನದೋ ಮೂರು ಪಿನ್ನಿನದೋ ಎಂದು ಕೇಳಿದ. ಎರಡು ಸಾಕು ಎಂದೆ. ಮೋಟರಿನಿಂದ ಮೂರು ವೈರು ಬಂದಿದ್ದವು — ಕೆಂಪು, ಕಪ್ಪು, ಹಸಿರು. ಕೆಂಪು ಕಪ್ಪು ಕೂಡಿಸಿದೆ, ಮೋಟರ್ ಓಡಿತು. ಹಸಿರು ಹೆಚ್ಚಿನದು ಅನ್ನಿಸಿತು. ಕತ್ತರಿಸಿ ಟೇಪು ಸುತ್ತಿಬಿಟ್ಟೆ.

"ಏಳನೇ ಇಯತ್ತೆ ಇಂಜಿನಿಯರ್ ಸಾಹೇಬ್ರ, ಮೋಟರ್ ಓಡತೈತಿ ಖರೇ, ನೀರ ಕೊಡಕ್ಕ ಬರತೈತೋ ವಾಪಸ್ ನಳಕ್ಕ ಹೊಂಟೈತೋ ನೋಡ್ರಿ" ಎಂದು ರೇಣುಕಾ ನಕ್ಕಳು. ನಾನೂ ನಕ್ಕೆ.

ನಮ್ಮ ಹಿತ್ತಿಲಲ್ಲಿ ಇದ್ದಿಲು, ಉಪ್ಪು ಹಾಕಿ ಹುಗಿದ ಒಂದು ಪೈಪಿದೆ. ಮೋಟರಿನ ಮೈಗೆ ಕರೆಂಟು ಇಳಿದರೆ ಅದು ಹಸಿರು ವೈರಿನಿಂದ, ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಆ ಪೈಪಿಗೆ ಹೋಗಿ ಭೂಮಿ ಸೇರಬೇಕು. ವೈರಮನ್ ಹೇಳಿದ್ದನೆಂದು ಅವ್ವ ವಾರಕ್ಕೊಮ್ಮೆ ಅದರ ಬುಡಕ್ಕೆ ಒಂದು ಕೊಡ ನೀರು ಹಾಕುತ್ತಿದ್ದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ. ನಾನು ವೈರು ಕತ್ತರಿಸಿದ ಮೇಲೂ ಪಾಪ, ಹಾಕುತ್ತಲೇ ಇದ್ದಳು.

ಅದಾದ ಮೇಲೆ ಮೂರನೆಯ ಸಲ ನೀರು ಬಿಟ್ಟ ದಿನ. ರೇಣುಕಾ ಓಡುತ್ತಿದ್ದ ಮೋಟರನ್ನು ಸರಿಸಲೆಂದು ಹಿಡಿದಳು. ಕಾಲ ಕೆಳಗೆಲ್ಲ ನೀರು. ಅವಳು ಕೂಗಲಿಲ್ಲ — ಕೂಗಲು ಆಗಲಿಲ್ಲ. ಕೈ ಅಂಟಿಕೊಂಡೇ ಇತ್ತು. ನಾನು ಓಡಿಹೋಗಿ ಪ್ಲಗ್ ಕಿತ್ತೆ. ಬಿದ್ದಳು. ಓಣಿಯವರು ಸೇರಿದರು. ಏನಾಯಿತೆಂದು ಅವ್ವ ಅಳುತ್ತ ಕೇಳಿದಳು. ನನ್ನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಆದರೂ ನಾನು —

"ಹಸಿ ಕೈಲೆ ಮುಟ್ಟಬ್ಯಾಡ ಅಂತ ಆಗಲೇ ಹೇಳಿದ್ದೆ. ಕೇಳಬೇಕಲ್ಲ ಇಕಿ."

ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ.

ಅವಳನ್ನು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದರು. ಬಾಗಿಲು ಹಾಕಿಕೊಂಡು ಬರುತ್ತೇನೆಂದು ನಾನು ಹಿಂದೆ ಉಳಿದೆ. ಪ್ಲಗ್ ಹಾಕಿ ಮೋಟರಿನ ಮೈಗೆ ಟೆಸ್ಟರ್ ಹಿಡಿದೆ. ಬೆಳಗಿತು. ಆಗ ತಿಳಿಯಿತು ಹಸಿರು ವೈರು ಯಾತಕ್ಕೆಂದು. ಯಾರಿಗೂ ಗೊತ್ತಾಗಬಾರದೆಂದು ಮೊದಲು ಅಂಗಡಿಗೆ ಹೋಗಿ ಮೂರು ಪಿನ್ನಿನ ಪ್ಲಗ್ ತಂದು, ಹಸಿರು ವೈರನ್ನು ಮತ್ತೆ ಕೂಡಿಸಿದೆ. ಅದಾದ ಮೇಲೆ ತಂಗಿಯನ್ನು ನೋಡಲು ಹೋದೆ. ಮೊದಲು ಪ್ಲಗ್, ಆಮೇಲೆ ತಂಗಿ — ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವಳು ಜೀವ ಉಳಿಸಿಕೊಂಡಳು. ಹೆಬ್ಬೆರಳು, ತೋರುಬೆರಳಿಗೆ ಬಲ ಬರಲಿಲ್ಲ. ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿಯುತ್ತಿದ್ದವಳು ಕತ್ತರಿ ಹಿಡಿಯದಾದಳು. ಹೊಲಿಗೆ ಯಂತ್ರದ ಮೇಲೆ ಅವ್ವ ಹಳೆಯ ಸೀರೆ ಹೊದಿಸಿದಳು. ಎರಡು ವರ್ಷಕ್ಕೆ ಅವಳನ್ನು ಬೆಳವಣಕಿ ಊರಿಗೆ ಮದುವೆ ಮಾಡಿಕೊಟ್ಟೆವು. ಮದುವೆಗೆ ಮುಂಚೆ ಹೇಳಬೇಕೆಂದುಕೊಂಡೆ. ಆಮೇಲೆ ಅವ್ವ ತೀರಿದಾಗ. ಹೇಳಿದರೆ ಬೆರಳು ವಾಪಸ್ ಬರುತ್ತವೆಯೇ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಹೋದ ತಿಂಗಳು ಬೆಳವಣಕಿಗೆ ಹೋಗಿದ್ದೆ. ಮೋಟರಿನಿಂದ ಓಡುವ ಹೊಲಿಗೆ ಯಂತ್ರ ತರುವ ಮಾತನ್ನು ಅವಳ ಗಂಡ ತೆಗೆದಿದ್ದ. ಅದಕ್ಕೆ ಬಲಗೈಯಿಂದ ಚಕ್ರ ತಿರುಗಿಸಬೇಕಿಲ್ಲ, ಕಾಲಲ್ಲಿ ಒತ್ತಿದರೆ ಸಾಕು. ಬಟ್ಟೆ ಕತ್ತರಿಸಿಕೊಡಲು ಪಕ್ಕದ ಮನೆಯಾಕೆ ಒಪ್ಪಿದ್ದಳು. ಅವಳ ಅತ್ತೆ ಮಾತ್ರ ಬೇಡವೆಂದರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ.

"ಒಂದ ಮೋಟರ್ ಮುಟ್ಟಿ ಕೈ ಕಳಕೊಂಡಾಕಿ. ಮತ್ತೊಂದ ಯಾಕ ಬೇಕವಾ ನಿನಗ?"

ರೇಣುಕಾ ವಾದ ಮಾಡಲಿಲ್ಲ. ತಲೆ ತಗ್ಗಿಸಿ, "ಖರೇ ಐತ್ರಿ ಅತ್ತಿ. ನಮ್ಮಣ್ಣ ಅವತ್ತ ಎಷ್ಟ ಬಡಕೊಂಡಿದ್ದ, ಹಸಿ ಕೈಲೆ ಮುಟ್ಟಬ್ಯಾಡ ಅಂತ. ಇನ್ನೂ ಕಿವ್ಯಾಗ ಐತಿ. ನಾನ ಕೇಳಲಿಲ್ಲ. ಬ್ಯಾಡ ಬಿಡ್ರಿ" ಎಂದಳು.

ನಾನು ಆಡದೇ ಇದ್ದ ಮಾತು ಅವಳ ಕಿವಿಯಲ್ಲಿ ಇದೆಯಂತೆ. ನನ್ನ ಸುಳ್ಳನ್ನು ಅವಳು ನಂಬಿದ್ದಷ್ಟೇ ಅಲ್ಲ, ತನ್ನದೇ ನೆನಪನ್ನಾಗಿ ಮಾಡಿಕೊಂಡುಬಿಟ್ಟಿದ್ದಳು. ಬೆರಳಿನ ಜೊತೆಗೆ ತನ್ನ ಮೇಲಿನ ನಂಬಿಕೆಯನ್ನೂ ಕಳೆದುಕೊಂಡು ಇಷ್ಟು ವರ್ಷ —

ಅತ್ತೆ ಇದ್ದರು, ಅವಳ ಗಂಡನಿದ್ದ. ಅವರ ಮುಂದೆಯೇ ಹೇಳಬೇಕಿತ್ತು. ಎದ್ದು ನಿಂತೆ. ಅವಳ ಮುಖ ನೋಡಲಾಗದೆ ಅವಳ ಕೈಯನ್ನೇ ನೋಡುತ್ತ ಹೇಳಿದೆ.

"ರೇಣವ್ವಾ, ಅವತ್ತ ನಾ ನಿನಗೇನೂ ಹೇಳಿರಲಿಲ್ಲ. ಮೋಟರಿನ ಹಸರ ವೈರ್ ನಾನ ಕತ್ತರಿಸಿದ್ದೆ, ತಿಳೀದ. ನಿನ್ನ ಕೈ ಒಣಾ ಇದ್ದಿದ್ರೂ ಕರೆಂಟ್ ಹಿಡೀತಿತ್ತು. ತಿಳೀದ ಮಾಡಿದ್ದು ಒಂದ. ಸುಳ್ಳ ಹೇಳಿ ನಿನ್ನ ಮ್ಯಾಲ ಹಾಕಿದ್ದು ಗೊತ್ತಿದ್ದೂ ಮಾಡಿದ್ದು. ನಿಂದೇನೂ ತಪ್ಪಿರಲಿಲ್ಲವಾ. ತಪ್ಪ ನಂದು. ನನ್ನ ತಪ್ಪಾತು, ತಂಗೀ."