ಹಲೋ ಚಿಕ್ಕಮ್ಮನ ಮೂರು ಡಬ್ಬಿಗಳು

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳಿಗೆ ಇಟ್ಟ ಹೆಸರು ಉಳಿಯುವುದಾದರೂ ಹೇಗೆ? ಅಕ್ಕನ ಮಕ್ಕಳು ಹಲೋ ಚಿಕ್ಕಮ್ಮ ಅಂದರು, ಬೀದಿಯವರೂ ಹಾಗೇ ಅಂದರು. ಆಮೇಲೆ ಬೋರ್ಡಿನ ಜಾಗಕ್ಕೆ ಯಂತ್ರ ಬಂತು, ಯಂತ್ರದ ಬೆನ್ನಿಗೇ ನಿವೃತ್ತಿಯೂ ಬಂತು. ಸುಮ್ಮನೆ ಕೂರುವ ಜೀವವೇ ಅದು? ಆಸ್ಪತ್ರೆಯವರು ಗುಜರಿಗೆ ಹಾಕಲಿದ್ದ ಒಂದು ಕಂಪ್ಯೂಟರನ್ನು ಕೇಳಿ ತಂದಳು. ಚಪ್ಪಲಿ ಗೂಡಿನ ಮೇಲಿಟ್ಟು, ಪುಸ್ತಕ ನೋಡಿ, ಕೆಡಿಸಿ, ಮತ್ತೆ ಕಟ್ಟಿ, ಅದನ್ನು ಮನೆಯ ಸರ್ವರ್ ಮಾಡಿಕೊಂಡಳು.

ಗಂಡ ನಕಾಶೆ ಬರೆಯುವವರು. ಮೊಣಕಾಲು ಕೈಕೊಟ್ಟ ಮೇಲೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಏನೇ, ಚಳಿಗಾಲ ಬಂತು, ಅದಕ್ಕೊಂದು ಸ್ವೆಟರ್ ಹೆಣೆದು ಹಾಕು."

"ಅದು ತಾನಾಗೇ ಬೆಚ್ಚಗಿರತ್ತೆ ರೀ. ನೀವು ಕಾಲು ಮುಚ್ಕೊಳ್ಳಿ."

ಆ ಪೆಟ್ಟಿಗೆಯೊಳಗೆ ಮೂರು ಕಂಟೇನರ್‌ಗಳಿದ್ದವು. ಅಡುಗೆಮನೆಯ ಡಬ್ಬಿಗಳು ಅಂದುಕೊಳ್ಳಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತದ ಹಾಗೆ ಬಿಗಿ ಮುಚ್ಚಳ. ಒಂದರಲ್ಲಿ ಮನೆಮಂದಿಯ ಫೋಟೋ. ಇನ್ನೊಂದರಲ್ಲಿ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ. ಮೂರನೆಯದರಲ್ಲಿ ಅಮ್ಮನ ಕಾಗದಗಳು. ಟೆಲಿಫೋನ್ ತರಬೇತಿಗೆಂದು ಹಾಸ್ಟೆಲಿನಲ್ಲಿದ್ದ ವರ್ಷ ಅಮ್ಮ ಇವಳಿಗೆ ಬರೆದ ನಲವತ್ತೊಂದು ಕಾಗದಗಳು ಟ್ರಂಕಿನ ತಳದಲ್ಲಿದ್ದವು. ಅವನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿ, ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಅದು ಅಕ್ಕನಿಗಾಗಿ.

ಅಕ್ಕನ ಕಥೆ ಹೇಳದಿದ್ದರೆ ಮುಂದೆ ಹೋಗುವ ಹಾಗಿಲ್ಲ. ಎರಡು ಬಸ್ಸು ಬದಲಿಸುವಷ್ಟು ದೂರದ ಊರಿನಲ್ಲಿ ಅವಳ ಮನೆ. ಒಂದು ಕಣ್ಣಿನ ಒಳಪರದೆ ಕಳಚಿತ್ತು. ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿಗುಳ್ಳೆ ಬಿಡುತ್ತೇವೆ, ಏಳು ದಿನ ಕವುಚಿ ಮಲಗಿರಬೇಕು, ತಲೆ ಎತ್ತಿದರೆ ಪರದೆ ಕೂರುವುದಿಲ್ಲ ಎಂದಿದ್ದರು ಡಾಕ್ಟರು.

"ಏಳು ದಿನ ನೆಲ ನೋಡ್ಕೊಂಡು ಬಿದ್ದಿರೋಕೆ ನಾನೇನು ಹಲ್ಲಿನಾ?" ಅಂದಿದ್ದಳು ಅಕ್ಕ. ಹುಟ್ಟಿದಾಗಿನಿಂದ ಅರ್ಧ ಗಂಟೆ ಒಂದು ಕಡೆ ಕೂತವಳಲ್ಲ.

"ಅಮ್ಮ ನನಗೆ ಬರೆದ ಕಾಗದ ನೀನು ಕೇಳೇ ಇಲ್ಲವಲ್ಲ. ದಿನಕ್ಕೆ ಆರು ಕೇಳಿಸ್ತೀನಿ. ತಲೆ ಎತ್ತಿದರೆ ಅಲ್ಲಿಗೇ ಬಂದ್," ಅಂದಳು ತಂಗಿ. ಗಂಡನ ಮೊಣಕಾಲು ಬಿಟ್ಟು ಹೋಗಿ ಓದುವಂತಿರಲಿಲ್ಲ, ಅದಕ್ಕೆ ಈ ಏರ್ಪಾಡು.

ಫೋನಿನಲ್ಲಿ ವಿಳಾಸ ಒತ್ತಿ ಕಾಗದ ಹಾಕಬೇಕಾದವರು ಅಕ್ಕನ ಗಂಡ, ಭಾವ. ದೇವರಂಥ ಮನುಷ್ಯ, ಆದರೆ ಅಂಕಿ ಕಂಡರೆ ಆಗದು. ಒಂದೊಂದು ಡಬ್ಬಿಗೂ ವಿಳಾಸದ ಬಾಲಕ್ಕೆ ನಾಲ್ಕು ಅಂಕಿ ಸೇರಿಸಬೇಕಿತ್ತು. ಪರೀಕ್ಷೆಗೆಂದು ಒತ್ತಿಸಿದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು. ಅದಕ್ಕೇ ರಿವರ್ಸ್ ಪ್ರಾಕ್ಸಿ ಅನ್ನುವುದನ್ನು ಕೂರಿಸಿದಳು. ಹೊರಗಿನವರಿಗೆಲ್ಲ ಒಂದೇ ಬಾಗಿಲು. ಬಾಗಿಲಲ್ಲಿ ಕೂತವನು ಯಾರು ಬೇಕು ಎಂದು ಕೇಳಿ, ಸರಿಯಾದ ಡಬ್ಬಿಗೆ ಕಳಿಸುತ್ತಾನೆ. ಭಾವ 'ಕಾಗದ' ಎಂದು ಒತ್ತಿದರೆ ಮುಗಿಯಿತು.

"ಇಷ್ಟೇನಾ? ಇದನ್ನೇ ಅಲ್ವೇನೇ ನೀನು ಮೂವತ್ತೊಂದು ವರ್ಷ ಮಾಡಿದ್ದು?" ಅಂದರು ಗಂಡ.

ಅದೇ ಎಡವಟ್ಟಾಯಿತು ನೋಡಿ. ಬಾಗಿಲವನಿಗೆ ಒಳಗಿನ ಪಟ್ಟಿ ಬರೆದುಕೊಡುವಾಗ ಡಬ್ಬಿಯ ಹೆಸರು ಬರೆಯಿರಿ ಎಂದು ಪುಸ್ತಕದಲ್ಲಿತ್ತು. ಹೆಸರೇ? ಆಸ್ಪತ್ರೆಯಲ್ಲಿ ಒಂದೇ ಹೆಸರಿನ ನಾಲ್ಕು ನರ್ಸುಗಳಿದ್ದರು. ಹೆರಿಗೆ ವಾರ್ಡಿನವಳನ್ನು ಕೇಳಿದವರಿಗೆ ಶವಾಗಾರದವಳನ್ನು ಕೊಟ್ಟು, ಆ ಕಡೆಯವರು ಅಳತೊಡಗಿ, ಅವತ್ತಿನಿಂದ ಹಲೋ ಚಿಕ್ಕಮ್ಮ ಹೆಸರನ್ನು ನಂಬುತ್ತಿರಲಿಲ್ಲ. ನಂಬರು ಹೇಳಿ, ಲೈನು ಕೊಡ್ತೀನಿ ಅನ್ನುತ್ತಿದ್ದಳು. ಹಾಗಾಗಿ ಪುಸ್ತಕದ ಮಾತು ಬದಿಗಿಟ್ಟು, ಆ ದಿನ ಯಾವ ಡಬ್ಬಿಗೆ ಯಾವ ಒಳನಂಬರು ಇತ್ತೋ ಅದನ್ನೇ ಬರೆದಳು. ಚೆನ್ನಾಗಿಯೇ ನಡೆಯಿತು.

ಆಪರೇಷನ್ ಆಯಿತು. ಮೊದಲ ದಿನ ಆರು ಕಾಗದ ಕೇಳಿ ಅಕ್ಕ ಮಿಸುಕಲಿಲ್ಲವಂತೆ. ಎರಡನೆಯ ದಿನ ಮಧ್ಯಾಹ್ನ ಇಲ್ಲಿ ಹತ್ತು ನಿಮಿಷ ಕರೆಂಟು ಹೋಗಿ ಬಂತು. ಸ್ವಲ್ಪ ಹೊತ್ತಿಗೆ ಭಾವನ ಫೋನು.

"ಏನಮ್ಮಾ, ಅತ್ತೆಯವರು ಇದೇನು ಬರೆದಿದ್ದಾರೆ? ಫಿನಾಯಿಲ್ ಎರಡು ಬಾಟ್ಲಿ, ಬಲ್ಬು ಒಂದು, ಮೊಣಕಾಲಿಗೆ ಮುಲಾಮು..."

ಹಿಂದಿನಿಂದ ಅಕ್ಕನ ದನಿ: "ಇಲ್ಲಿ ಕೊಡಿ, ನಾನೇ ನೋಡ್ತೀನಿ!"

ಹಲೋ ಚಿಕ್ಕಮ್ಮ ಕೂಗಿಕೊಂಡಳು: "ಭಾವ, ಅಕ್ಕ ಏಳ್ತಾ ಇದಾಳಾ? ಫೋನು ಅವಳ ಕಿವಿಗಿಡಿ."

ಇಟ್ಟರು. ಆಗ ಎಷ್ಟೋ ವರ್ಷದಿಂದ ಬಾರದ ಆ ಹಳೆಯ ಬೋರ್ಡಿನ ದನಿ ತಾನಾಗಿ ಬಂತು, ಏರಿಳಿತವಿಲ್ಲದೆ, ತಣ್ಣಗೆ: "ದಯವಿಟ್ಟು ಲೈನಿನಲ್ಲೇ ಇರಿ. ಕೊಡ್ತಾ ಇದೀನಿ."

"ಥೂ, ನನ್ನ ಹತ್ರಾನೂ ಇದೇನಾ?" ಎಂದು ಅಕ್ಕ ನಕ್ಕಳು. ದಿಂಬಿಗೆ ಮುಖ ಒತ್ತಿದ ಸದ್ದು ಕೇಳಿಸಿತು. ಲೈನು ಹಾಗೇ ಇತ್ತು.

ಚಪ್ಪಲಿ ಗೂಡಿನ ಮುಂದೆ ಸ್ಟೂಲು ಹಾಕಿ ಕೂತವಳು ಎರಡೇ ನಿಮಿಷದಲ್ಲಿ ಹಿಡಿದಳು. ಆಸ್ಪತ್ರೆಯಲ್ಲಿ ನಂಬರು ಮೇಜಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಕರೆಂಟು ಬಂದಾಗ ಮೊದಲು ಎದ್ದ ಡಬ್ಬಿಗೆ ಮೊದಲ ನಂಬರು, ಆಮೇಲೆದ್ದದ್ದಕ್ಕೆ ಆಮೇಲಿನದು. ಸಾಮಾನಿನ ಪಟ್ಟಿ ಬೇಗ ಎದ್ದು ಕಾಗದದ ಜಾಗದಲ್ಲಿ ಕೂತಿತ್ತು. ಬದಲಾಗದೆ ಉಳಿದದ್ದು ಹೆಸರೊಂದೇ.

"ರೀ, ಪುಸ್ತಕದವನು ಹೇಳಿದ್ದೇ ಸರಿ."

"ನಾನು ಹೇಳಿದ್ದು ಯಾವತ್ತಾದರೂ ಹೀಗೆ ಒಪ್ಕೊಂಡಿದೀಯಾ?"

ನಂಬರುಗಳನ್ನೆಲ್ಲ ಅಳಿಸಿ ಹೆಸರು ಬರೆದಳು. ಬಾಗಿಲವನನ್ನೂ ಮೂರು ಡಬ್ಬಿಗಳನ್ನೂ ಒಂದೇ ಜಾಲಕ್ಕೆ ಸೇರಿಸಿದಳು, ಆಗಲೇ ಹೆಸರು ಹಿಡಿದು ಕೂಗಿದರೆ ಓಗೊಡುವುದು. ಆಮೇಲೆ ಪ್ಲಗ್ಗು ಕಿತ್ತು ಮತ್ತೆ ಹಾಕಿದಳು, ಒಂದಲ್ಲ, ಮೂರು ಸಲ. ಮೂರು ಸಲವೂ 'ಕಾಗದ' ಎಂದರೆ ಕಾಗದವೇ ಬಂತು.

"ಭಾವ, ಈಗ ಒತ್ತಿ."

ಏಳನೆಯ ಕಾಗದ. ಫೋನಿನೊಳಗಿಂದ ತನ್ನದೇ ದನಿ ದೂರದಿಂದ ಕೇಳಿಬಂತು: "ನಿನ್ನ ಅಕ್ಕ ಈಗ ನಿನ್ನ ಚಾಪೆಯ ಮೇಲೆಯೇ ಮಲಗುತ್ತಾಳೆ. ಯಾಕೆ ಎಂದರೆ ಆ ಮೂಲೆಯಲ್ಲಿ ಸೆಖೆ ಕಡಿಮೆ ಅನ್ನುತ್ತಾಳೆ. ಇದು ಚಳಿಗಾಲ."

ಆ ಕಡೆ ದಿಂಬಿನೊಳಗಿಂದ, "ಸೆಖೆ ಇತ್ತು ಕಣೇ. ಅಮ್ಮನಿಗೇನು ಗೊತ್ತು."

"ತಲೆ ಎತ್ತಬೇಡ."

"ಎತ್ತಿಲ್ಲ. ಮುಂದಿಂದು ಹಾಕೋಕೆ ಹೇಳು."

ಎಂಟನೆಯ ದಿನ ಡಾಕ್ಟರು ನೋಡಿ ಪರದೆ ಕೂತಿದೆ ಎಂದರು. ದೃಷ್ಟಿ ನಿಧಾನವಾಗಿ ತಿಳಿಯಾಗುತ್ತದೆ, ಅವಸರ ಬೇಡ. ಮನೆಗೆ ಬಂದವಳೇ ಅಕ್ಕ ತಂಗಿಗೆ ಫೋನು ಮಾಡಿದಳು.

"ಆ ಏಳನೇ ಕಾಗದ ಬಿಸಾಕಬೇಡ ಕಣೇ. ನಿನ್ನ ಗಂಡನ ಮೊಣಕಾಲು ಸರಿಹೋದ ಮೇಲೆ ತಗೊಂಡು ಬಾ. ಅಷ್ಟರಲ್ಲಿ ನನ್ನ ಕಣ್ಣೂ ನೆಟ್ಟಗಾಗತ್ತೆ. ಅಮ್ಮ ಅದನ್ನ ಹೇಗೆ ಬರೆದಿದ್ದಾಳೋ, ನಾನೇ ನೋಡ್ಬೇಕು."