ಹನ್ನೊಂದನೆಯ ಕೈ

ನಮ್ಮ ಕಡೆಯ ಹಳೆಯ ಫೋಟೋಗಳಲ್ಲಿ ಮದುವೆಯದು ಯಾವುದು, ಮಣ್ಣಿನದು ಯಾವುದು ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಎರಡರಲ್ಲೂ ಜನ ಒಂದೇ ರೀತಿ ನಿಂತಿರುತ್ತಾರೆ. ಹಲ್ಲು ಕಂಡರೆ ಫೋಟೋ ಕೆಡುತ್ತದೆ ಎಂದು ಯಾರೋ ಊರೂರಿಗೆ ಹೇಳಿ ಹೋದಂತಿದೆ. ಮದುಮಗನ ಮುಖದಲ್ಲಿ ಬೆಳೆ ಹೋದವನ ಕಳೆ, ಮದುಮಗಳ ಮುಖದಲ್ಲಿ ಅದಕ್ಕಿಂತ ಒಂದು ತೊಲ ಹೆಚ್ಚು. ಹಾರವೂ ಎರಡರಲ್ಲೂ ಇರುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ನಡುವೆ ಕುಳಿತವರ ಕಣ್ಣು ನೋಡಬೇಕು. ಮುಚ್ಚಿದ್ದರೆ ಅದು ಮಣ್ಣಿನ ದಿನದ ಫೋಟೋ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಕೂಡಿಸುವುದು ಪದ್ಧತಿ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ ಕೂಡಿಸುತ್ತಾರೆ; ಕುಳಿತಂತೆಯೇ ಮಣ್ಣಿಗೆ ಕಳಿಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಪುರುಸೊತ್ತಿರದ ಹಿರಿಯರಿಗೆ ಆ ಒಂದು ದಿನ ಪುರುಸೊತ್ತು ಸಿಗುತ್ತಿತ್ತು. ನಮ್ಮ ಆಯಿಯದು, ಅಂದರೆ ತಂದೆಯ ತಾಯಿಯದು, ಅಂಥದೇ ಫೋಟೋ. ಮಳಖೇಡದ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ನಮ್ಮೂರಿನ ಅಂಗಳದಲ್ಲಿ ತೆಗೆದದ್ದು. ಸುತ್ತ ಎಂಟು ಮಂದಿ ಬಳಗ, ನಡುವೆ ಕುರ್ಚಿಯಲ್ಲಿ ಆಯಿ. ‘ಅಲುಗಾಡಬ್ಯಾಡ್ರಿ’ ಎಂಬ ಫೋಟೋದವನ ಮಾತನ್ನು ಪೂರ್ತಿ ಪಾಲಿಸಿದವಳು ಆಕೆಯೊಬ್ಬಳೇ.

ಆದರೆ ನಾನು ಈ ಫೋಟೋವನ್ನು ವರ್ಷಗಟ್ಟಲೆ ನೋಡುತ್ತ ಬಂದದ್ದು ಆಯಿಗಾಗಿ ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದರಲ್ಲಿ ಇಲ್ಲದವಳಿಗಾಗಿ. ನಮ್ಮವ್ವ ಅದರಲ್ಲಿಲ್ಲ. ಆಯಿ ಹೋದ ಮರುವರ್ಷ, ನನಗೆ ಮೂರು ವರ್ಷವಿದ್ದಾಗ, ಅವ್ವನೂ ಹೋದಳು. ಆ ವಾರ ಹೊಳೆ ತುಂಬಿತ್ತು. ಸೇಡಂನ ಫೋಟೋದವನಿಗೆ ದಾಟಿ ಬರಲಾಗಲಿಲ್ಲ. ಹೀಗಾಗಿ ಅವ್ವನ ಫೋಟೋ ಎಂಬುದೇ ಜಗತ್ತಿನಲ್ಲಿಲ್ಲ. ಹೇಗಿದ್ದಳು ಎಂದು ಯಾರನ್ನು ಕೇಳಿದರೂ ‘ಭಾಳ ಚಂದ ಇದ್ಳು’ ಎನ್ನುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತನ್ನು ಇಟ್ಟುಕೊಂಡು ಒಂದು ಮೂಗನ್ನೂ ಬರೆಯಲಾಗುವುದಿಲ್ಲ.

ನನ್ನ ಬಗ್ಗೆಯೂ ಒಂದು ಮಾತು. ವಾಡಿಯ ಸಿಮೆಂಟ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ನನ್ನ ನೌಕರಿ ಮುಗಿಯಿತು. ಕಲಸಿದ ಸಿಮೆಂಟಿನ ಮೇಲೆ ಸೂಜಿ ಇಳಿಬಿಟ್ಟು, ಎಷ್ಟು ಇಳಿಯಿತು, ಯಾವಾಗ ಇಳಿಯುವುದನ್ನು ನಿಲ್ಲಿಸಿತು ಎಂದು ಬರೆಯುವುದು ನನ್ನ ಕೆಲಸ. ಅವಸರ ಮಾಡಿದರೆ ಸೂಜಿ ಸುಳ್ಳು ಹೇಳುತ್ತದೆ. ಈ ಸ್ವಭಾವ ಮನೆಗೂ ಬಂದಿದೆ. ನಾನು ಮಾವಿನಹಣ್ಣು ಆರಿಸುವಾಗ ಅಂಗಡಿಯವರು ಬೇರೆ ಗಿರಾಕಿಗಳನ್ನು ಮುಗಿಸಿ ಬರುತ್ತಾರೆ. ನಿಂತು ಗಟ್ಟಿಯಾಗುವ ವಸ್ತುವನ್ನೇ ನೋಡುತ್ತ ಬಂದವನಿಗೆ ಫೋಟೋ ಪರಕೀಯ ಅನ್ನಿಸಲಿಲ್ಲ. ಅದೂ ಒಂದು ಗಳಿಗೆ ಗಟ್ಟಿಯಾಗಿ ನಿಂತದ್ದು.

ಹೋದ ಮಳೆಗಾಲ ಗೋಡೆ ಹಸಿಯಾಗಿ ಆ ಫೋಟೋದ ಮೂಲೆ ಉಬ್ಬಿತು. ಅದನ್ನು ಶಹಾಬಾದ್‌ಗೆ, ರಜಿಯಾಳ ಸ್ಟುಡಿಯೋಕ್ಕೆ ಒಯ್ದೆ. ಗಂಡ ಹೋದ ಮೇಲೆ ಆಕೆಯೇ ಸ್ಟುಡಿಯೋ ನಡೆಸುತ್ತಾಳೆ. ಕೂದಲು ಅರ್ಧ ಹಣ್ಣಾಗಿದೆ. ಕಂಪ್ಯೂಟರಿನ ಮುಂದೆ ಕುಳಿತರೆ ಕಸೂತಿ ಹಾಕುವವರ ಹಾಗೆ ಉಸಿರು ಹಿಡಿದು ಕೆಲಸ ಮಾಡುತ್ತಾಳೆ. ‘ಎಂಟು ದಿನ ಬಿಟ್ಟು ನೋಡ್ರಿ ಕಾಕಾ, ಹೊಸಾದು ಮಾಡ್ತೀನಿ’ ಎಂದಿದ್ದಳು.

ಎಂಟನೆಯ ದಿನ ಬೆಳಿಗ್ಗೆ ಫೋಟೋ ಮೊಬೈಲಿಗೆ ಬಂತು. ಉಬ್ಬು ಹೋಗಿತ್ತು, ಕಲೆ ಹೋಗಿತ್ತು. ಆಯಿ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

ನಾನು ಮೊಬೈಲನ್ನು ಬೋರಲು ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಎತ್ತಿದೆ. ಆಗಲೂ ನೋಡುತ್ತಿದ್ದಳು. ಕಂಪ್ಯೂಟರಿನ ಕೈಚಳಕ ಅಂತ ಗೊತ್ತಿತ್ತು. ಆದರೂ ಅವಸರದಲ್ಲಿ ಮಾಡಬಾರದ ಒಂದು ಕೆಲಸ ಮಾಡಿದೆ: ಬಳಗದ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿಬಿಟ್ಟೆ. ಕೈ ಮುಗಿದ ಚಿತ್ರಗಳ ಸಾಲು ಬಂತು. ‘ಆಯಿ ಎದ್ದು ಕುಂತಾಳ’ ಎಂದು ಒಬ್ಬರು ಬರೆದರು. ನನ್ನ ಹೆಂಡತಿ ಮಹಾದೇವಿ ಮಾತ್ರ ಬಗ್ಗಿ ನೋಡಿ, ‘ಯವ್ವಾ, ನನ್ನ ಕಡೀನೇ ನೋಡ್ಲಿಕತ್ತಾರ! ಒಲಿ ಮ್ಯಾಲಿನ ಹಾಲು ಉಕ್ಕಲಿಕತ್ತದ ಅಂತ ಹೇಳಿದಂಗ ಅದ’ ಎಂದು ನಿಜಕ್ಕೂ ಅಡಿಗೆಮನೆಗೆ ಹೋಗಿ ನೋಡಿ ಬಂದಳು.

ರಜಿಯಾಳಿಗೆ ಫೋನ್ ಮಾಡಿದೆ.

‘ನೋಡಿದ್ರೇನ್ರಿ ಕಾಕಾ? ಆಯಿ ಕಣ್ಣು ಮುಚ್ಚಿಬಿಟ್ಟಿದ್ರು. ತೆರದೀನಿ.’

‘ತಂಗಿ, ಅದು ಮಣ್ಣಿನ ದಿನದ ಫೋಟೋ.’

‘ಯಾ ಅಲ್ಲಾ! ನಾ ಹಾರ ನೋಡಿ ಏನೋ ಸತ್ಕಾರದ್ದು ಅಂದುಕೊಂಡೆ ರೀ. ಎಲ್ಲಾರ ಮಾರಿನೂ ಹಂಗೇ ಇದ್ವು, ಭಾಷಣ ಕೇಳಿದಂಗ.’

ನನಗೆ ನಗು ಬಂತು. ಆಕೆಗೆ ಇನ್ನೂ ಹೆದರಿಕೆ ಹೋಗಿರಲಿಲ್ಲ. ‘ಎಲ್ಲಾ ಹೇಳಿಬಿಡ್ತೀನಿ ರೀ. ಆಯಿ ಹೆಗಲ ಮ್ಯಾಲ ಒಂದು ಕೈ ಹೆಚ್ಚಿಗಿತ್ತು. ಯಾರದೂ ಅಲ್ಲ ಅದು. ಅದನ್ನೂ ಅಳಿಸೀನಿ.’

‘ಹಳೀ ಫೋಟೋ?’

‘ಅದು ಹಂಗೇ ಅದ ರೀ. ನಾ ಮಾಡಿದ್ದು ಬರೇ ಕಂಪ್ಯೂಟರ್‌ದಾಗ.’

ಅಂದೇ ಹೋಗಿ ಹಳೆಯ ಫೋಟೋ ತಂದೆ. ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು ಕೈಗಳನ್ನು ಎಣಿಸಿದೆ. ಒಂಬತ್ತು ಮಂದಿ. ಕಾಣುವ ಕೈ ಹನ್ನೊಂದು. ಉಳಿದವು ಸೆರಗಿನೊಳಗೆ, ಬೆನ್ನ ಹಿಂದೆ. ಒಂದೊಂದು ಕೈಯಿಂದ ಮೊಳಕೈಗೆ, ಮೊಳಕೈಯಿಂದ ಹೆಗಲಿಗೆ ಹೋಗಿ ಒಡೆಯರನ್ನು ಹುಡುಕಿದೆ. ಹತ್ತು ಕೈಗೆ ಒಡೆಯರು ಸಿಕ್ಕರು. ಆಯಿಯ ಎಡ ಹೆಗಲಿನ ಮೇಲೆ, ಕುತ್ತಿಗೆಯ ಹತ್ತಿರ, ನಾಲ್ಕು ಬೆರಳಿದ್ದವು. ಅವುಗಳ ಹಿಂದೆ ಮನುಷ್ಯರಿಲ್ಲ. ಹಿನ್ನೆಲೆಗೆ ಇಳಿಬಿಟ್ಟ ಜಮಖಾನ ಮಾತ್ರ. ಇಷ್ಟು ವರ್ಷ ಅದನ್ನು ಸೆರಗಿನ ಮಡಿಕೆ ಎಂದುಕೊಂಡಿದ್ದೆ. ಸೂಜಿಯ ಮೊನೆ ನೋಡಿ ಸಂಬಳ ತೆಗೆದುಕೊಂಡವನಿಗೆ ನಾಲ್ಕು ಬೆರಳು ಕಂಡಿರಲಿಲ್ಲ.

ಆ ಫೋಟೋದವರಲ್ಲಿ ಈಗ ಉಳಿದವರು ಇಬ್ಬರು. ಒಬ್ಬ ನಾನು, ಅಜ್ಜನ ತೊಡೆಯ ಮೇಲೆ ಕುಳಿತು, ಮುಖ ಹಿಂದಕ್ಕೆ ತಿರುಗಿಸಿ, ಮಸುಕಾಗಿರುವ ಎರಡು ವರ್ಷದ ಕೂಸು. ನನ್ನ ಸಾಕ್ಷಿ ನಡೆಯುವುದಿಲ್ಲ. ಇನ್ನೊಬ್ಬಳು ನಾಗಮ್ಮತ್ತೆ, ತಂದೆಯ ತಂಗಿ. ಆಯಿಯ ಪಕ್ಕದಲ್ಲಿ ತುಟಿ ಬಿಗಿಹಿಡಿದು ನಿಂತ ಹದಿಮೂರರ ಹುಡುಗಿ. ಈಗ ಚಿಂಚೋಳಿಯಲ್ಲಿ ಮಗನ ಹತ್ತಿರ ಇದ್ದಾಳೆ.

ಮರುದಿನ ಹೊರಟೆ. ಚಿತ್ತಾಪುರದಲ್ಲಿ ಒಂದು ಬಸ್ಸು ಬದಲಿಸಿ, ಸೇಡಂನಲ್ಲಿ ಇನ್ನೊಂದು. ಫೋಟೋವನ್ನು ಎರಡು ರಟ್ಟಿನ ನಡುವೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದವರು ‘ಎಕ್ಸ್‌ರೇ ಏನ್ರಿ? ಎಲ್ಲಿ ಮುರದದ?’ ಎಂದು ಕೇಳಿದರು. ‘ಅದನ್ನೇ ಕೇಳ್ಲಿಕ್ಕ ಹೊಂಟೀನಿ’ ಎಂದೆ.

ನಾಗಮ್ಮತ್ತೆ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ನಾನು ಫೋಟೋ ಬಿಚ್ಚಿ ಭೂತಗನ್ನಡಿ ಕೊಟ್ಟೆ. ಆಕೆ ಕನ್ನಡಿಯನ್ನು ಬದಿಗೆ ಸರಿಸಿದಳು.

‘ಈ ಕೈ ಏನು? ವೈನಿದು.’

ವೈನಿ ಅಂದರೆ ಅಣ್ಣನ ಹೆಂಡತಿ. ನಾಗಮ್ಮತ್ತೆಗೆ ಅಣ್ಣ ಒಬ್ಬನೇ, ನಮ್ಮ ತಂದೆ. ನಾನು ಕಟ್ಟೆಯ ಮೇಲೆ ಕುಳಿತೆ.

‘ನಮ್ಮವ್ವಂದಾ?’

‘ಮತ್ತ್ಯಾರದು ಇರ್ತದ?’

‘ಇಷ್ಟು ದಿನಾ ನನಗ್ಯಾಕ ಹೇಳ್ಲಿಲ್ಲ, ಅತ್ತಿ?’

‘ಏ ಸಿದ್ದ್ಯಾ, ನೀ ಯಾವಾಗ ಕೇಳಿದಿ? ಫೋಟೋದಾಗ ಅವ್ವ ಇಲ್ಲಾ, ಅವ್ವ ಇಲ್ಲಾ ಅಂತ ಅರವತ್ತು ವರ್ಷ ಗೋಳಾಡಿದಿ. ಇಲ್ಲಂದ್ರ ಎಲ್ಲಿದ್ಳು ಅಂತ ಒಂದ್ ದಿನಾನರ ಕೇಳಿದೇನು?’

ಕೇಳಿರಲಿಲ್ಲ. ಆಕೆ ಹೇಳಿದ್ದನ್ನು ನಾನು ಅಲ್ಲಿಯೇ, ಬಸ್ಸಿನ ಚೀಟಿಯ ಹಿಂದೆ ಬರೆದುಕೊಂಡೆ. ಮನೆಯೊಳಗೆ ಕತ್ತಲೆ ಅಂತ ಫೋಟೋದವನು ಆಯಿಯನ್ನು ಅಂಗಳಕ್ಕೆ ತರಿಸಿದ. ಒಳಗೆ ಗೋಡೆಯಿತ್ತು, ಗೂಟವಿತ್ತು, ಗದ್ದದ ಕೆಳಗಿನ ಬಟ್ಟೆಯನ್ನು ಅದಕ್ಕೆ ಕಟ್ಟಿ ತಲೆ ನಿಲ್ಲಿಸಿದ್ದರು. ಅಂಗಳದಲ್ಲಿ ಹಗ್ಗಕ್ಕೆ ಹಾಕಿದ ಎರಡು ಜಮಖಾನ ಬಿಟ್ಟರೆ ಏನಿಲ್ಲ. ಆಯಿಯ ತಲೆ ಎದೆಗೆ ಬೀಳತೊಡಗಿತು. ಯಾರಾದರೂ ಹಿಂದೆ ನಿಂತು ಹಿಡಿಯಬೇಕು. ಆದರೆ ಹಿಡಿದವರು ಫೋಟೋದಲ್ಲಿ ಬರುವುದಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಪಟಕ ಸುತ್ತಿಕೊಂಡು ತಯಾರಾಗಿದ್ದರು. ಅವ್ವ ನನ್ನನ್ನು ಅಜ್ಜನ ತೊಡೆಯ ಮೇಲೆ ಇಟ್ಟು ಜಮಖಾನದ ಹಿಂದೆ ಹೋದಳು. ಎರಡು ಜಮಖಾನದ ಸಂದಿನಿಂದ ಕೈ ಹಾಕಿ ಆಯಿಯ ಕುತ್ತಿಗೆ ಹಿಡಿದಳು. ಆರು ತಿಂಗಳು ಹಾಸಿಗೆಯಲ್ಲಿದ್ದ ಆಯಿಗೆ ಉಣ್ಣಿಸಿದ್ದು ಆಕೆಯೇ ಅಂತೆ. ಆ ಕುತ್ತಿಗೆಯ ಭಾರ ಎಷ್ಟು ಎಂಬುದು ಆಕೆಗೆ ಗೊತ್ತಿತ್ತು.

‘ನಾ ಬಿಕ್ಕಿ ಬಿಕ್ಕಿ ಅಳ್ಲಿಕತ್ತಿದ್ದೆ,’ ಎಂದಳು ನಾಗಮ್ಮತ್ತೆ. ‘ಫೋಟೋದಾವ ಬೈಲಿಕತ್ತಿದ್ದ, ಈ ಹುಡುಗಿ ಅಲುಗಾಡ್ತದ ಅಂತ. ಜಮಖಾನಕ್ಕ ಎಷ್ಟು ವರ್ಷದ ಧೂಳೋ ಏನೋ. ಹಿಂದಿಂದ ವೈನಿ ಸಣ್ಣಗ ಅಂದ್ಳು, ನಾಗೀ, ನಾ ಸೀನು ತಡದೀನಿ, ನೀ ಅಳು ತಡಿ.’

ಹುಡುಗಿ ಅಳು ತಡೆದಳು. ಅದರ ಬದಲು ನಗು ಬಂತು, ಅದನ್ನೂ ತಡೆದಳು. ಬಿಗಿಹಿಡಿದ ಆ ತುಟಿ ದುಃಖದ್ದು ಎಂದು ನಾನು ಇಷ್ಟು ವರ್ಷ ಓದಿದ್ದೆ. ಫೋಟೋ ಆದ ಕ್ಷಣಕ್ಕೆ ಜಮಖಾನದ ಹಿಂದಿನಿಂದ ಒಂದು ದೊಡ್ಡ ಸೀನು ಬಂತಂತೆ. ಫೋಟೋದವನು ಕರಿಬಟ್ಟೆಯಿಂದ ತಲೆ ಕಿತ್ತು ಎರಡು ಹೆಜ್ಜೆ ಹಿಂದೆ ಸರಿದ. ಆಯಿಯೇ ಸೀನಿದಳು ಎಂದುಕೊಂಡಿದ್ದ.

‘ಇದು ಎಡಗೈ ಇದ್ದಂಗದ,’ ಎಂದೆ ನಾನು. ಸ್ವಭಾವ ಹೋಗುವುದಿಲ್ಲ. ‘ಬಲಗೈ ಎಲ್ಲಿತ್ತು?’

‘ಮೂಗು ಹಿಡ್ಕೊಂಡಿತ್ತು, ಮತ್ತೇನು!’ ನಾಗಮ್ಮತ್ತೆ ಮೊರ ಕೆಳಗಿಟ್ಟು ನಕ್ಕಳು. ಆಮೇಲೆ ಮಸುಕಾದ ಕೂಸಿನ ಮೇಲೆ ಬೆರಳಿಟ್ಟು, ‘ನೋಡು, ಎಲ್ಲಾರೂ ಕ್ಯಾಮರಾ ನೋಡ್ಲಿಕತ್ತಾರ. ನೀನೊಬ್ಬನೇ ಅಕಿ ಹ್ವಾದ ಕಡೀ ನೋಡ್ಲಿಕತ್ತಿದಿ’ ಎಂದಳು.

ನನ್ನ ಹತ್ತಿರ ಅವ್ವನ ಒಂದು ಮಾತೂ ಇರಲಿಲ್ಲ. ಈಗ ಒಂದಿದೆ. ಬಸ್ಸಿನಲ್ಲಿ ಸೇಡಂವರೆಗೂ ಅದನ್ನು ಹೇಳಿಕೊಳ್ಳುತ್ತ ಬಂದೆ. ದೊಡ್ಡ ಮಾತೇನಲ್ಲ. ಆದರೆ ಸತ್ತವಳ ಕುತ್ತಿಗೆ ಒಂದು ಕೈಯಲ್ಲಿ, ತನ್ನ ಮೂಗು ಒಂದು ಕೈಯಲ್ಲಿ ಹಿಡಿದು, ಕಾಣದಂತೆ ನಿಂತು, ಅಳುವ ಹುಡುಗಿಯನ್ನು ನಗಿಸುವುದು ಎಷ್ಟು ಜನರಿಗೆ ಬರುತ್ತದೆ? ನಮ್ಮವ್ವನಿಗೆ ಆಗ ಇಪ್ಪತ್ತೆರಡು. ನಾನು ಆ ವಯಸ್ಸಿನಲ್ಲಿ ಒಂದು ಚಹಾದ ಬಟ್ಟಲನ್ನೂ ನೆಟ್ಟಗೆ ಹಿಡಿಯುತ್ತಿರಲಿಲ್ಲ.

ಶಹಾಬಾದ್‌ಗೆ ಹೋಗಿ ರಜಿಯಾಳಿಗೆ ಎಲ್ಲ ಹೇಳಿದೆ. ಆಕೆ ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕುರ್ಚಿ ಎಳೆದು ನನ್ನೆದುರು ಕುಳಿತಳು.

‘ಕಾಕಾ, ಒಂದು ಮಾತು. ನಿಮ್ಮ ಮಾರಿ ಅದ. ನಿಮ್ಮ ಸೋದರಮಾವಂದು ಫೋಟೋ ಇದ್ರ ತರ್ರಿ. ಎರಡೂ ಕೂಡಿಸಿ, ವಯಸ್ಸು ಕಮ್ಮಿ ಮಾಡಿದ್ರ ಅವ್ವನ ಮಾರಿ ಬರ್ತದ. ಜಮಖಾನದ ಹಿಂದಿಂದ ಮುಂದ ತಂದು ನಿಂದರಸ್ತೀನಿ. ಯಾರಿಗೂ ಗೊತ್ತಾಗಲ್ಲ.’

ನಾನು ತಕ್ಷಣ ಬೇಡ ಎನ್ನಲಿಲ್ಲ, ಸುಳ್ಳು ಬರೆಯಬಾರದು. ಬುದ್ಧಿ ಬಂದಾಗಿನಿಂದ ಕೇಳಿಕೊಂಡದ್ದು ಅವ್ವನ ಮುಖವೊಂದನ್ನೇ, ಮತ್ತು ಒಬ್ಬ ಒಳ್ಳೆಯ ಹೆಣ್ಣುಮಗಳು ಅದನ್ನು ಮುಂದೆ ಹಿಡಿದಿದ್ದಳು. ಮಾವನ ಫೋಟೋ ಯಾವ ಪೆಟ್ಟಿಗೆಯಲ್ಲಿದೆ ಎಂಬುದೂ ನೆನಪಾಯಿತು. ಆದರೆ ಆಯಿಯ ತೆರೆದ ಕಣ್ಣು ನನಗೆ ಒಂದು ಪಾಠ ಕಲಿಸಿತ್ತು. ಮೂರೇ ದಿನ ನೋಡಿದ್ದೆ. ಆಗಲೇ ಆ ಕಣ್ಣಿಲ್ಲದೆ ಆಯಿ ನೆನಪಿಗೆ ಬರುತ್ತಿರಲಿಲ್ಲ. ಅವ್ವನಿಗೊಂದು ಮುಖ ಬಂದರೆ ನಾನು ಅದನ್ನೇ ನಂಬುತ್ತೇನೆ, ಅದರ ಮುಂದೆಯೇ ಅಳುತ್ತೇನೆ. ಆಗ ಜಮಖಾನದ ಹಿಂದೆ ನಿಂತವಳನ್ನು ಯಾರು ನೋಡಬೇಕು?

‘ಬ್ಯಾಡ ತಂಗಿ,’ ಎಂದೆ. ‘ಕೈ ಇದ್ದಲ್ಲೇ ಇಡು. ಕಣ್ಣು ಮುಚ್ಚು.’

ರಜಿಯಾ ಕಂಪ್ಯೂಟರಿಗೆ ತಿರುಗಿದಳು. ಕೆಲಸ ಮುಗಿದ ಮೇಲೆ, ‘ತೆರದ ಕಣ್ಣು ಮುಚ್ಚಿದ್ದು ಇದೇ ಮೊದಲ್ನೇ ಸಲ ರೀ, ಕಾಕಾ. ಎಲ್ಲಾರೂ ತೆರೀರಿ ಅಂತಲೇ ಬರ್ತಾರ’ ಎಂದಳು. ನಾಲ್ಕು ಬೆರಳುಗಳನ್ನು ಉಗುರು ಕಾಣುವಷ್ಟು ಸ್ವಚ್ಛವಾಗಿ ಮೂಡಿಸಿದ್ದಳು.

ಬಳಗದ ಗುಂಪಿನಲ್ಲಿ ಹೊಸ ಪ್ರತಿಯನ್ನು ಯಾರೂ ಮೆಚ್ಚಲಿಲ್ಲ. ಕಣ್ಣು ತೆರೆದದ್ದೇ ಚಂದ ಇತ್ತಂತೆ. ಇರಲಿ, ಅವರ ಆಯಿ ಅವರನ್ನು ನೋಡಿಕೊಳ್ಳಲಿ. ಈ ಪ್ರತಿ ನಮ್ಮ ವಾಡಿಯ ಮನೆಯ ಪಡಸಾಲೆಯಲ್ಲಿದೆ. ಬಂದವರು ಯಾರ ಫೋಟೋ ಎಂದು ಕೇಳುತ್ತಾರೆ. ನಮ್ಮ ತಾಯಿಯದು ಎನ್ನುತ್ತೇನೆ. ಅವರು ಎದ್ದು ಹತ್ತಿರ ಹೋಗಿ, ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿ, ‘ಇವರೇನ್ರಿ? ಇವರಾ?’ ಎಂದು ಬೆರಳಿಡುತ್ತಾರೆ. ನಾನು ಅಲ್ಲ ಎಂದು ತಲೆಯಾಡಿಸುತ್ತೇನೆ, ಸಹಾಯ ಮಾಡುವುದಿಲ್ಲ. ‘ಸಾವಕಾಶ ನೋಡ್ರಿ,’ ಎನ್ನುತ್ತೇನೆ. ‘ಚಹಾ ಈಗಷ್ಟೇ ಇಟ್ಟಾರ.’